ಲಟ್ಟಣಿಗೆ ಹಿಡಿಯ ಅಳತೆ

ರೂಪಶ್ರೀ ದುಡ್ಡು ಕೊಟ್ಟು ಎರಡು ಹಾಳೆ ಕೊಂಡಿದ್ದಾಳೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಾದದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಗುಂಡ್ಲುಪೇಟೆ ಬಸ್‌ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಿಂದ ಬಂದವಳೇ ಅವನ್ನು ನಡುಮನೆಯ ನೆಲದ ಮೇಲೆ ಹರಡಿ, ಫ್ಯಾನಿನ ಗಾಳಿಗೆ ಹಾರದಂತೆ ಒಂದೊಂದು ಲೋಟ ಇಟ್ಟಳು. ಹಾಳೆಯ ತುಂಬ ಜೋಳದ ಕಾಳಿನಂಥ ಸಣ್ಣ ಚೌಕಗಳು. ನೀಲಿ ಬಣ್ಣದ ನಡುವೆ ಹಳದಿ ಹೂವು.

ಅತ್ತೆ ಪುಟ್ಟಮಲ್ಲಮ್ಮ ಗಂಡನ ತಟ್ಟೆಗೆ ಮುದ್ದೆ ಹಾಕುತ್ತಲೇ ಬಗ್ಗಿ ನೋಡಿದಳು.

"ಇದೇನಮ್ಮಿ, ರಂಗೋಲಿನಾ?"

"ಅಲ್ಲ ಅತ್ತೆ. ಕೈಗೆ ಕಟ್ಟೋ ಮಣಿಪಟ್ಟಿ. ಯಾವ ಸಾಲಿಗೆ ಯಾವ ಮಣಿ ಪೋಣಿಸ್ಬೇಕು ಅಂತ ಇದರಲ್ಲಿದೆ. ಫೋನಲ್ಲಿ ಮಾರ್ತಾರೆ. ನೂರೈವತ್ತು ರೂಪಾಯಿ."

ಶಾಂತಮಲ್ಲಪ್ಪ ಬಸ್ಸಾರಿನ ಕೈ ಹಾಗೇ ನಿಲ್ಲಿಸಿದ. "ಮಣಿ ಎಲ್ಲವ?"

"ಮಣಿ ಬೇರೆ ತರ್ಬೇಕು ಮಾವ."

"ಊಟದ ಚಿತ್ರ ತೋರ್ಸಿ ಊಟದ ದುಡ್ಡು ಇಸ್ಕಂಡಂಗಾಯ್ತಲ್ಲ ಇದು!"

ಒಳಕೋಣೆಯಿಂದ ಬಾಣಂತಿ ಮಗಳು ದಾಕ್ಷಾಯಿಣಿ ನಕ್ಕಳು. ನಗುವಿಗೆ ಕೂಸು ಎದ್ದು ಅಳತೊಡಗಿತು. ಅವಳು ಅದನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ಯಾರ್‍ಗೆ ಅತ್ಗೆ ಅದು?" ಎಂದು ಕೇಳಿದಳು.

"ಪಾಪುಗೆ," ಅಂದಳು ರೂಪಶ್ರೀ. "ತೊಟ್ಟಿಲಿಗೆ ಹಾಕೋ ದಿನಕ್ಕೆ. ನಿಮ್ಮಣ್ಣನ ಕಡೆಯಿಂದ."

ಪುಟ್ಟಮಲ್ಲಮ್ಮ ಗಂಡನ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಹಾಕಿದಳು.

ಪುಟ್ಟಮಲ್ಲಮ್ಮನ ಮಗ ಸೋಮೇಶ್ ಹೋದ ವರ್ಷ ಕಾರ್ತಿಕದಲ್ಲಿ ಜ್ವರ ಬಂದು ಹೋಗಿಬಿಟ್ಟಿದ್ದ. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ತಾನೇ ಕೂತುಕೊಂಡಿದ್ದವನು, ಬರುವಾಗ ಹಿಂದೆ ಮಲಗಿ ಬಂದ. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ರೂಪಶ್ರೀ ಚಾಮರಾಜನಗರದ ಹುಡುಗಿ, ಎಂ.ಎ. ಓದಿದವಳು. ತಿಥಿ ಮುಗಿದ ಮೇಲೆ ಹೋಗುತ್ತಾಳೆ ಅಂದುಕೊಂಡರು. ಹೋಗಲಿಲ್ಲ. ಇರು ಎಂದು ಇವರು ಹೇಳಲಿಲ್ಲ, ಇರುತ್ತೇನೆ ಎಂದು ಅವಳೂ ಹೇಳಲಿಲ್ಲ. ಬೆಳಗ್ಗೆ ಎದ್ದು ನೀರು ಹಿಡಿಯುವುದು, ಕಸ ಗುಡಿಸುವುದು, ಮಾವ ಚೆಂಡುಹೂವಿನ ಹೊಲಕ್ಕೆ ಹೊರಡುವಷ್ಟರಲ್ಲಿ ತಿಂಡಿ ಕಟ್ಟುವುದು, ಹೀಗೇ ನಡೆದುಕೊಂಡು ಬಂದಿತ್ತು.

ದಾಕ್ಷಾಯಿಣಿಗೆ ಹೆಣ್ಣುಮಗು ಆದಾಗ ಮನೆಯಲ್ಲಿ ಮತ್ತೆ ಅಳುವ ಸದ್ದು ಕೇಳಿತು. ಪುಟ್ಟಮಲ್ಲಮ್ಮನಿಗೆ ಅಷ್ಟೇ ಸಾಕಿತ್ತು. ಆದರೆ ತೊಟ್ಟಿಲಿಗೆ ಹಾಕುವ ದಿನ ಸೋದರಮಾವ ಕೂಸಿನ ಕೈಗೆ ಏನಾದರೂ ತೊಡಿಸಬೇಕು. ಈ ಮನೆತನದಲ್ಲಿ ಅದು ತಪ್ಪಿದ್ದಿಲ್ಲ. ಶಾಂತಮಲ್ಲಪ್ಪ ಯಾರನ್ನೂ ಕೇಳದೆ ಉಮ್ಮತ್ತೂರಿನಲ್ಲಿದ್ದ ತಮ್ಮನ ಮಗ ಸುಧಾಕರನಿಗೆ ಫೋನು ಮಾಡಿ, "ನೀನೆ ನಿಂತ್ಕಬೇಕು ಕಣ್ಲಾ" ಎಂದು ಹೇಳಿಬಿಟ್ಟಿದ್ದ. ಅವನು ಬೆಳ್ಳಿ ಕಡಗಕ್ಕೆ ಹೇಳಿಯೂ ಆಗಿತ್ತು. ಅದು ತಪ್ಪಲ್ಲ ಅನ್ನುವುದು ಪುಟ್ಟಮಲ್ಲಮ್ಮನಿಗೆ ಗೊತ್ತಿತ್ತು. ಆದರೂ ರಾತ್ರಿ ಮಗ್ಗುಲು ಬದಲಿಸುವಾಗೆಲ್ಲ ಅವಳಿಗೆ ಒಂದೇ ಯೋಚನೆ: ನನ್ನ ಮಗನದೂ ಒಂದು ಆ ಕೂಸಿನ ಮೈಮೇಲೆ ಇರಬೇಕು. ದೊಡ್ಡದೇನೂ ಬೇಡ.

ಇದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ. ಸೊಸೆಗೆ ಹೇಗೆ ಗೊತ್ತಾಯಿತೋ.

ಮಣಿ ತರಲು ರೂಪಶ್ರೀ ಚಾಮರಾಜನಗರಕ್ಕೆ ಹೋಗಿಬಂದಳು. ಹಾಳೆಯಲ್ಲಿದ್ದ ನೀಲಿಗೆ ಬದಲು ಕಪ್ಪು, ಹಳದಿಗೆ ಬದಲು ಬಿಳಿ ತಂದಿದ್ದಳು. ಕೂಸಿಗೆ ದೃಷ್ಟಿಯಾಗದಿರಲಿ ಎಂದು ಕಪ್ಪು. ಸಾಸಿವೆಗಿಂತ ಒಂಚೂರು ದಪ್ಪದ ಗಾಜಿನ ಮಣಿ. ಅಗ್ಗದ್ದು. ಒಂದು ಉಬ್ಬಿದ್ದರೆ ಒಂದು ಸಪಾಟು. ಹಾಗೇ ಪೋಣಿಸಿದರೆ ಪಟ್ಟಿ ಸೊಟ್ಟಗಾಗುತ್ತದೆ ಎಂದು ಆರಿಸಲು ಕೂತಳು. ಪುಟ್ಟಮಲ್ಲಮ್ಮ ಮೊರ ತಂದು, ಕನ್ನಡಕ ಹಾಕಿಕೊಂಡು, ಎದುರಿಗೆ ಕೂತಳು.

"ಅಕ್ಕಿ ಆರ್ಸಿ ಆರ್ಸಿ ಕಣ್ಣು ಹೋಗಿದ್ದು ಸಾಲ್ದು ಅಂತ ಇದೊಂದು."

"ಬಿಡಿ ಅತ್ತೆ, ನಾನು ಮಾಡ್ಕೊತೀನಿ."

"ಸುಮ್ನಿರು. ಇದ ನೋಡು, ಹೊಟ್ಟೆ ಬಾಕ. ಇದ ತಗದಾಕ್ಲಾ?"

"ಹಾಕಿ."

ಕೂಸು ಮಲಗಿದ ಹೊತ್ತಿನಲ್ಲಿ ಹೀಗೆ ಒಂದು ವಾರ ಕೂತಿರಬೇಕು. ಒಂದು ಮಧ್ಯಾಹ್ನ ರೂಪಶ್ರೀ, ತಲೆ ಎತ್ತದೆ, "ಅವರು ಇದ್ದಿದ್ರೆ ಏನು ಕೊಡ್ತಿದ್ರು ಅತ್ತೆ?" ಎಂದು ಕೇಳಿದಳು.

"ಅಂವ್ನಾ? ಪೂಜೆಗೆ ಅಯ್ಯನವ್ರು ಬಂದು ಬಾಗ್ಲಲ್ಲಿ ನಿಂತ ಮೇಲೆ ಗ್ಯಾನ ಬಂದು, ಅವ್ವಾ ಒಂದೈನೂರ್ ರೂಪಾಯಿ ಕೊಡು ಅಂತಿದ್ದ. ನನ್ ದುಡ್ಡಲ್ಲೆ ಮಾವನ ಠೀವಿ ಮಾಡ್ತಿದ್ದ."

ರೂಪಶ್ರೀ ನಕ್ಕಳು. ಅವಳು ನಕ್ಕದ್ದನ್ನು ನೋಡಿ ಪುಟ್ಟಮಲ್ಲಮ್ಮನೂ ನಕ್ಕಳು. ನಕ್ಕ ಮೇಲೆ ಇಬ್ಬರಿಗೂ ಯಾವ ಮಣಿ ಆರಿಸಿದ್ದು, ಯಾವುದು ಉಳಿದದ್ದು ಎಂದು ತಿಳಿಯದೆ ಮೊರವನ್ನು ಮತ್ತೆ ಮೊದಲಿನಿಂದ ನೋಡಬೇಕಾಯಿತು.

ಪೋಣಿಸುವುದು ಇನ್ನೂ ನಿಧಾನ. ಕೂದಲಿನಂಥ ಸೂಜಿ, ನೈಲಾನ್ ದಾರ. ಒಂದು ಮಣಿ ಏರಿಸಿ, ಹಿಂದಿನ ಸಾಲಿನ ಒಂದು ಮಣಿಯೊಳಗೆ ಸೂಜಿ ತೂರಿಸಿ ಎಳೆಯಬೇಕು. ಒಂದು ಸಾಲು ಮುಗಿದರೆ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೀಟು. ಒಮ್ಮೊಮ್ಮೆ ಬೆರಳಗಲ ನೇಯ್ದದ್ದನ್ನು ಹಿಂದಕ್ಕೆ ಬಿಚ್ಚುತ್ತಿದ್ದಳು.

"ಯಾಕ ಬಿಚ್ಚೀಯೆ? ಚೆಂದಾಗದಲ್ಲ."

"ಒಂದು ಮಣಿ ತಪ್ಪಿದೆ ಅತ್ತೆ."

"ಅಷ್ಟೊಂದ್ರಲ್ಲಿ ಅದೊಂದ ಯಾರ್ ನೋಡ್ತರೆ?"

"ನೋಡಲ್ಲ. ಆದ್ರೆ ಮುಂದಿನ ಸಾಲು ಕೂರಲ್ಲ."

ಎಡವಟ್ಟಾದದ್ದು ಅಳತೆಯ ವಿಷಯದಲ್ಲಿ. ಹಾಳೆಯಲ್ಲಿದ್ದದ್ದು ದೊಡ್ಡವರ ಕೈ ಅಳತೆ. ಕೂಸಿನ ಕೈಗೆ ಎಷ್ಟು ಸಾಲು ಕಮ್ಮಿ ಮಾಡಬೇಕು? ಆ ದಿನ ಪುಟ್ಟಮಲ್ಲಮ್ಮ ಬಾಣಂತಿಗೆ ಬೆಳ್ಳುಳ್ಳಿ ಹುರಿದು ತಟ್ಟೆಯಲ್ಲಿ ತಂದಳು. ಒಳಕೋಣೆಯಲ್ಲಿ ದಾಕ್ಷಾಯಿಣಿ ಬಿಸಿನೀರಿನ ಸ್ನಾನದ ಆಯಾಸಕ್ಕೆ ಗೋಡೆಯ ಕಡೆ ತಿರುಗಿ ನಿದ್ದೆ ಹೋಗಿದ್ದಳು. ಕೂಸು ಅಂಗಾತ ಮಲಗಿತ್ತು. ರೂಪಶ್ರೀ ಪಕ್ಕದಲ್ಲಿ ಮಂಡಿಯೂರಿ, ಒಂದು ಬಿಳಿ ದಾರವನ್ನು ಅದರ ಮಣಿಕಟ್ಟಿಗೆ ಸುತ್ತಿ, ತುದಿ ಕೂಡಿದ ಕಡೆ ಉಗುರಿನಲ್ಲಿ ಒತ್ತಿ ಹಿಡಿದಿದ್ದಳು.

ತಟ್ಟೆ ಎಲ್ಲಿಟ್ಟಳೋ ಪುಟ್ಟಮಲ್ಲಮ್ಮನಿಗೆ ಗೊತ್ತಿಲ್ಲ. ಹೋಗಿ ಸೊಸೆಯ ಕೈಯಿಂದ ದಾರ ಕಿತ್ತುಕೊಂಡಳು.

"ಏನ್ ಮಾಡ್ತಿದ್ದಿಯೆ? ಮಲಗಿರೋ ಕೂಸ್ನ ಅಳಿತಿದ್ದಿಯಲ್ಲ! ಬುದ್ಧಿ ಅದ್ದಾ ನಿನ್ಗ? ದೂರ ಬಾ! ಬಾ ದೂರ!"

ಕೂಸು ಬೆಚ್ಚಿ ಚೀರಿತು. ದಾಕ್ಷಾಯಿಣಿ ಎದ್ದು, "ಏನಾಯ್ತವ್ವ? ಅತ್ಗೆ ಏನ್ ಮಾಡುದ್ರು?" ಎಂದು ಕೂಸನ್ನು ಎದೆಗೆ ಎಳೆದುಕೊಂಡಳು. ರೂಪಶ್ರೀ ಎದ್ದು ನಿಂತಳು. "ಅಳತೆಗೆ ಅತ್ತೆ..." ಅಂದಳು. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದಿಟ್ಟಿದ್ದ ಪಾತ್ರೆಗಳನ್ನೂ ತೊಳೆದಳು.

ಮಾರನೆಯ ದಿನದಿಂದ ಅವಳು ಬಾಣಂತಿ ಕೋಣೆಯೊಳಕ್ಕೆ ಕಾಲಿಡಲಿಲ್ಲ. ನೀರು ಕಾಯಿಸಿ ಬಾಗಿಲಲ್ಲಿ ಇಡುವಳು. ಸಾಂಬ್ರಾಣಿಯ ಕೆಂಡ ಬಾಗಿಲಲ್ಲಿ ಇಡುವಳು. ಕೂಸು ಅತ್ತರೆ ಹೊಸಲಿನವರೆಗೆ ಬಂದು ನಿಲ್ಲುವಳು. ಮಣಿಯ ಡಬ್ಬಿ ಕಪಾಟಿನ ಮೇಲೆ ಹೋಯಿತು.

ಹೊಲದಿಂದ ಬಂದು ಮೂರು ದಿನ ಇದನ್ನು ನೋಡಿದ ಶಾಂತಮಲ್ಲಪ್ಪ ಹೆಂಡತಿಯನ್ನು ಹಿತ್ತಿಲಿಗೆ ಕರೆದ.

"ಆ ಮಗ ಏನಂದ್ಕಂಡದ ಗೊತ್ತಾ? ಗಂಡ ಸತ್ತೋಳು ಕೂಸ್ನ ಮುಟ್ಟುದ್ಲು ಅಂತ ನೀನ್ ಕಿರುಚ್ದೆ ಅಂದ್ಕಂಡದ."

"ಅಯ್ಯೋ, ನಾನ್ ಹಂಗಂದ್ನಾ?"

"ಅನ್ಲಿಲ್ಲ. ಯಾಕ ಕಿರುಚ್ದೆ ಅಂತಲೂ ಹೇಳ್ಲಿಲ್ಲ. ಹೇಳು ಓಗು."

"ಏನಂತ ಹೇಳ್ಲಿ? ನೀವೇ ಹೇಳಿ."

ಶಾಂತಮಲ್ಲಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮುಖದಲ್ಲಿ ಬೆವರೇನೂ ಇರಲಿಲ್ಲ. "ನನ್ಗಾಗಲ್ಲ," ಎಂದು ಹೊರಟುಹೋದ.

ಸಕ್ಕರೆ ಕಾಯಿಲೆಯ ಶಾಂತಮಲ್ಲಪ್ಪನಿಗೆ ಸಂಜೆ ಚಪಾತಿ ಆಗಬೇಕು. ಅಂದು ರೂಪಶ್ರೀ ಬೇಯಿಸುತ್ತಿದ್ದಳು, ಪುಟ್ಟಮಲ್ಲಮ್ಮ ಲಟ್ಟಿಸುತ್ತಿದ್ದಳು. ಪುಟ್ಟಮಲ್ಲಮ್ಮ ಹಿಟ್ಟನ್ನೇ ನೋಡುತ್ತ ಹೇಳಿದಳು:

"ಅಂವುನ್ನ ತಂದ ದಿನ ನಿನ್ನ ಒಳ್ಗಡೆ ಕೂರ್‍ಸಿದ್ರು. ನೀನ್ ನೋಡ್ಲಿಲ್ಲ."

ರೂಪಶ್ರೀ ತವದ ಮೇಲಿನ ಚಪಾತಿ ತಿರುವಿದಳು.

"ಗುಳಿ ತೋಡೋರು ಬಂದಿದ್ರು. ಎಷ್ಟಗಲ ಬೇಕು, ಎಷ್ಟಾಳ ಬೇಕು ಅಂತ ಒಂದ್ ದಾರ ತಂದು ಅಂವುನ್ನ ಅಳುದ್ರು. ಭುಜ ಅಳುದ್ರು, ಕೂರ್‍ಸಿ ತಲೆಗಂಟ ಅಳುದ್ರು. ನಾನಲ್ಲೆ ನಿಂತಿದ್ದೆ. ನಮ್ಮಲ್ಲಿ ಮಲಗಿರೋರ್‍ನ ದಾರದಲ್ಲಿ ಅಳೆಯೋದು ಅದೊಂದ್ಕೆಯ ಕಣಮ್ಮಿ. ನಿನ್ ಕೈಲಿ ದಾರ ನೋಡ್ದೇಟ್ಗೆ..."

ತವದಿಂದ ಹೊಗೆ ಬಂತು. ರೂಪಶ್ರೀ ಕರಕಲಾದ ಚಪಾತಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಇನ್ನೊಂದನ್ನು ತವದ ಮೇಲೆ ಹಾಕಿ ಕೇಳಿದಳು.

"ಆ ದಾರ ಏನು ಮಾಡಿದ್ರು ಅತ್ತೆ?"

"ಜತೇಲೆ ಇಟ್ರು."

"ಹೂಂ."

ಇನ್ನೆರಡು ಚಪಾತಿ ಆದವು. ಪುಟ್ಟಮಲ್ಲಮ್ಮ ಲಟ್ಟಿಸುವುದನ್ನು ನಿಲ್ಲಿಸಿ, ಲಟ್ಟಣಿಗೆಯ ಹಿಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡಿದಳು. ದಿನಾ ಬೆಳಗ್ಗೆ ಕೂಸಿಗೆ ಎಣ್ಣೆ ನೀವುವಾಗ ಹಿಡಿಯುವ ಹಾಗೆ. ಆಮೇಲೆ ಅದನ್ನು ಸೊಸೆಯ ಕಡೆ ಚಾಚಿದಳು.

"ಹಿಟ್ಟ ಒರ್‍ಸ್ಕಂಡು ಇದ ಅಳ್ಕೊ. ಇಷ್ಟೆ ಅದ ಅದ್ರ ಕೈ. ಒಂದ್ ಗೋಧಿಕಾಳಷ್ಟು ಸಡ್ಲ ಬುಡು, ಬೆಳಿತದ."

ರೂಪಶ್ರೀ ಲಟ್ಟಣಿಗೆಯನ್ನು ಸೆರಗಿನಲ್ಲಿ ಒರೆಸಿ, ಹಿಡಿಗೆ ದಾರ ಸುತ್ತಿದಳು. ಮಣಿಯ ಡಬ್ಬಿ ಮತ್ತೆ ಕಪಾಟಿನಿಂದ ಕೆಳಗಿಳಿಯಿತು.

ಮಣಿಪಟ್ಟಿ ಮುಕ್ಕಾಲು ಆದ ಮೇಲೆ ಬಾಯಿಬಿಟ್ಟವಳು ದಾಕ್ಷಾಯಿಣಿ. ಅವ್ವ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ, ರೂಪಶ್ರೀ ಬಟ್ಟೆ ಒಣಗಿಸಲು ಮಾಳಿಗೆಗೆ ಹೋದದ್ದನ್ನು ನೋಡಿಕೊಂಡು ಮಾತು ತೆಗೆದಳು.

"ಅವ್ವ, ಅತ್ಗೆ ಮಾಡಿದ್ದ ತೊಟ್ಲ ದಿನ್ವೆ ಕಟ್ಬೇಕಾ? ಆಮೇಕೆ ಯಾವಾಗಾರ ಕಟ್ಟುದ್ರಾಗಲ್ವಾ?"

"ಯಾಕ?"

"ನಮ್ಮತ್ತೆ ಏನಂದರೋ ಅಂತ."

"ನಿಮ್ಮತ್ತೆ ಅಂದ್ರಾ?"

"ಅನ್ಬೇಕಾ? ನಮ್ ನಾದ್ನಿ ಮದ್ವೇಲಿ, ಗಂಡ ಇಲ್ದೋರೊಬ್ರು ಧಾರೆಗೆ ಅಕ್ಕಿ ಹಾಕಕ್ಕೆ ಬಂದಾಗ ನಮ್ಮತ್ತೆ ಮಖ ನೀನ್ ನೋಡ್ಬೇಕಿತ್ತು. ಹಿಂಗ್ ಬಿಗಿದಿತ್ತು. ನಾಳಿಕೆ ಕೂಸಿಗೆ ಒಂದ್ ಸೀನು ಬಂದ್ರೂ ಮಾತು ನನ್ ತಲೆಗೆ ಬತ್ತದ. ಅಲ್ಲಿ ಬಾಳ್ಬೇಕಾದೋಳು ನಾನು."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಶಾಂತಮಲ್ಲಪ್ಪನಿಗೆ ಇದು ಕೇಳಿಸಿತು. "ನಮ್ಮಲ್ಲಿ ಅವೆಲ್ಲ ಇಲ್ಲ ಅಂತ ಅಯ್ಯನವ್ರೆ ಹೇಳ್ತರಲ್ಲವ್ವ."

"ಅಯ್ಯನವ್ರು ಹೇಳ್ತರ ಅಪ್ಪ. ಸಂತೆಮರಳ್ಳಿಗೆ ಬಂದು ನನ್ ಜತೆ ಸಂಸಾರ ಮಾಡ್ತರಾ ಅಯ್ಯನವ್ರು?"

ಶಾಂತಮಲ್ಲಪ್ಪ ಮತ್ತೆ ಚಪ್ಪಲಿ ಹಾಕಿಕೊಂಡ.

"ಕಟ್ಬೇಕು ಅಂದ್ರ ಕಟ್ಟು ಅವ್ವ. ಕೇಳುದ್ರ ಅಂಗಡೀದು ಅಂದ್ಬುಡು," ಅಂದಳು ದಾಕ್ಷಾಯಿಣಿ.

ಪುಟ್ಟಮಲ್ಲಮ್ಮ ಮಗಳ ತಲೆಯನ್ನು ಮುಂದಕ್ಕೆ ತಳ್ಳಿದಳು. "ನನ್ ಮಗನ ಕಡೇದ ಅಂಗಡೀದು ಅನ್ಲಾ ನಾನು? ಬಾಯಿ ಮುಚ್ಚು!"

"ನನ್ಗೇನ್ ಅಣ್ಣ ಅಲ್ವಾ ಅಂವ?" ಎಂದು ದಾಕ್ಷಾಯಿಣಿ ಅತ್ತಳು. ಎದೆಹಾಲು ಕೆಡುತ್ತದೆ, ಅಳಬೇಡ ಎಂದು ಪುಟ್ಟಮಲ್ಲಮ್ಮ ಬೈದಳು. ಬೈಯುತ್ತ ತಾನೂ ಅತ್ತಳು. ಮಾಳಿಗೆಯ ಮೆಟ್ಟಿಲಲ್ಲಿ ಖಾಲಿ ಬಕೆಟ್ಟಿನ ಸದ್ದು ಕೇಳಿ ಇಬ್ಬರೂ ಕಣ್ಣೊರೆಸಿಕೊಂಡರು.

ತೊಟ್ಟಿಲ ದಿನ ಬೆಳಗ್ಗೆ ಕೂಸಿಗೆ ನೀರು ಹಾಕಿ, ಧೂಪ ಹಿಡಿದು, ಪುಟ್ಟಮಲ್ಲಮ್ಮ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ರೂಪಶ್ರೀ ಮಣಿಪಟ್ಟಿ ತಂದುಕೊಟ್ಟಳು. ಕಪ್ಪು ನೆಲದಲ್ಲಿ ಬಿಳಿ ಹೂವು, ಒಂದರ ಬೆನ್ನಿಗೊಂದು. ಎಲ್ಲೂ ಸೊಟ್ಟಗಿರಲಿಲ್ಲ. ನೀನೇ ಕಟ್ಟು ಬಾ ಎಂದು ಪುಟ್ಟಮಲ್ಲಮ್ಮನ ನಾಲಿಗೆ ತುದಿಯವರೆಗೆ ಬಂತು. ಎದುರಿಗೆ ದಾಕ್ಷಾಯಿಣಿ ಕೂತು ಹೆರಳು ಹಾಕಿಕೊಳ್ಳುತ್ತಿದ್ದಳು. ಪುಟ್ಟಮಲ್ಲಮ್ಮ ತಾನೇ ಕಟ್ಟಿದಳು. ಹಿಡಿದು ಅಳೆದ ಹಾಗಿತ್ತು. ಕೂಸಿನ ಕಿವಿಗೆ ಬಗ್ಗಿ, "ಮಾವಂದು ಕಣವ್ವ" ಎಂದಳು. ತಲೆ ಎತ್ತುವಷ್ಟರಲ್ಲಿ ರೂಪಶ್ರೀ ಪಾಯಸಕ್ಕೆ ಶಾವಿಗೆ ಹುರಿಯಲು ಹೋಗಿದ್ದಳು.

ಬೀಗರು ಸಂತೆಮರಹಳ್ಳಿಯಿಂದ ಟೆಂಪೋ ಮಾಡಿಕೊಂಡು ಬಂದರು. ಅಳಿಯ ಶಿವಮಲ್ಲು, ಅವನ ತಾಯಿ ಗುರುಮಲ್ಲಮ್ಮ, ಹಣ್ಣು ಹೂವಿನ ತಟ್ಟೆ ಹಿಡಿದ ಹತ್ತಾರು ಹೆಂಗಸರು. ಅಯ್ಯನವರು ಬಂದರು. ಸುಧಾಕರ್ ಹೊಸ ಶರಟು ಹಾಕಿಕೊಂಡು, ಬೆಳ್ಳಿ ಕಡಗದ ಡಬ್ಬಿ ಜೇಬಿನಲ್ಲಿದೆಯೇ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಕೂಸಿಗೆ ಇಶಾನ್ವಿ ಎಂದು ಹೆಸರಿಟ್ಟರು. ಗುರುಮಲ್ಲಮ್ಮ ಅದರ ಕಿವಿಯಲ್ಲಿ ಮೂರು ಸಲ ಹೇಳಬೇಕಾಗಿತ್ತು. ಮೂರು ಸಲವೂ ಬೇರೆ ಬೇರೆ ಹೆಸರು ಬಂತು.

"ಈಸಾನವ್ವಿ..."

"ಅವ್ವ, ಇಶಾನ್ವಿ," ಅಂದ ಶಿವಮಲ್ಲು.

"ಅದೇಯ ಕಣ್ಲಾ ನಾನಂದದ್ದು. ಒಂದ್ ಹೆಣ್ಣಿಗೆ ಕೂಗಕ್ಕಾಗೋ ಹೆಸ್ರಿಟ್ರ ಗಂಟೇನ್ ಹೋದದು ನಿಮ್ದು?"

ಎಲ್ಲರೂ ನಕ್ಕರು. ಸುಧಾಕರ್ ಬಂದು ಕಡಗ ತೊಡಿಸಲು ಕೂಸಿನ ಕೈ ಹಿಡಿದ. ಅಷ್ಟರಲ್ಲಿ ಗುರುಮಲ್ಲಮ್ಮನ ಕಣ್ಣು ಮಣಿಪಟ್ಟಿಯ ಮೇಲೆ ಬಿತ್ತು.

"ತಡೀ ತಡೀ. ಇದೇನಿದು? ಎಷ್ಟ್ ಚೆಂದಾಗದ! ಬೀಗ್ತಿ, ಯಾರ್ ಕೊಟ್ಟಿದ್ದು ಇದ?"

ಹೇಳಬೇಕಾದದ್ದನ್ನು ಪುಟ್ಟಮಲ್ಲಮ್ಮ ವಾರದಿಂದ ಮನಸ್ಸಿನಲ್ಲಿ ಸರಿಮಾಡಿ ಇಟ್ಟುಕೊಂಡಿದ್ದಳು. ನನ್ನ ಮಗನ ಕಡೇದು, ನನ್ನ ಸೊಸೆ ಕೈಯಾರ ಮಾಡಿದ್ದು. ಅಷ್ಟೇ ಮಾತು. ಬಾಯಿ ತೆರೆದಳು. ಹೆಂಗಸರೆಲ್ಲ ಇವಳ ಕಡೆ ನೋಡುತ್ತಿದ್ದರು. ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದ ಮಗಳು ಇವಳನ್ನೇ ನೋಡುತ್ತಿದ್ದಳು. ಆ ಮುಖ ಬಿಳಿಚಿಕೊಂಡಿತ್ತು.

"ಅಂಗಡೀದು," ಅಂದಳು ಪುಟ್ಟಮಲ್ಲಮ್ಮ.

"ಯಾವ್ ಅಂಗ್ಡಿ? ನನ್ ತಂಗಿ ಮೊಮ್ಮಗೀಗೂ ಒಂದ್ ತಕ್ಕಬೇಕು. ಇಲ್ಲೆ ಗುಂಡ್ಲುಪೇಟೇಲಾ?"

ಪುಟ್ಟಮಲ್ಲಮ್ಮನಿಗೆ ಒಂದು ಅಂಗಡಿಯ ಹೆಸರೂ ಹೊಳೆಯಲಿಲ್ಲ. ಗುರುಮಲ್ಲಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರೂಪಶ್ರೀಯ ಕಡೆ ತಿರುಗಿದಳು. "ನೀನಾ ಮಗ ತಂದದ್ದು? ಓದಿರೋಳು, ನಿನ್ಗೆ ಗೊತ್ತಿರ್ತದ. ಎಲ್ಲಿ ಸಿಕ್ತದ ಹೇಳವ್ವ."

ರೂಪಶ್ರೀ ಸೌಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಅತ್ತೆಯ ಕಡೆ ನೋಡಲಿಲ್ಲ.

"ಚಾಮರಾಜನಗರದಲ್ಲಿ ಸಿಗ್ತಿತ್ತು ಅಮ್ಮ. ಆ ಅಂಗಡಿ ಈಗ ಮುಚ್ಚಿದ್ದಾರೆ."

"ಅಯ್ಯೋ ಪಾಪ," ಅಂದಳು ಗುರುಮಲ್ಲಮ್ಮ. ಸುಧಾಕರ್ ಮಣಿಪಟ್ಟಿಯನ್ನು ಮೇಲಕ್ಕೆ ಸರಿಸಿ, ಅದರ ಕೆಳಗೆ ಕಡಗ ತೊಡಿಸಿದ. ಯಾರೋ ಫೋಟೊ ತೆಗೆದರು.

ಎರಡನೆಯ ಪಂಕ್ತಿಗೆ ಬೀಗಿತ್ತಿಯರಿಬ್ಬರೂ ಪಕ್ಕಪಕ್ಕ ಕೂತರು. ನಾನು ಆಮೇಲೆ ಉಣ್ಣುತ್ತೇನೆ ಎಂದು ಪುಟ್ಟಮಲ್ಲಮ್ಮ ಅಂದರೂ ಗುರುಮಲ್ಲಮ್ಮ ಬಿಡದೆ, "ಬೆಳ್ಗಿಂದ ಕಾಲಲ್ಲೆ ಇದ್ದರಿ, ಕೂತ್ಕಳಿ" ಎಂದು ಕೈಹಿಡಿದು ಕೂರಿಸಿಕೊಂಡಿದ್ದಳು. ಆ ಕಡೆ ದಾಕ್ಷಾಯಿಣಿ ಗೋಡೆಗೊರಗಿ ಕೂಸಿಗೆ ಹಾಲು ಕೊಡುತ್ತಿದ್ದಳು. ರೂಪಶ್ರೀ ಆ ತುದಿಯಿಂದ ಸಾರು ಬಡಿಸಿಕೊಂಡು ಬರುತ್ತಿದ್ದಳು.

ಗುರುಮಲ್ಲಮ್ಮ ಪಾಯಸದ ಬೆರಳು ನೆಕ್ಕಿ, ದನಿ ತಗ್ಗಿಸಿದಳು.

"ಒಂದ್ ಮಾತು ಬೀಗ್ತಿ, ಬೇಜಾರ್ ಮಾಡ್ಕಬೇಡಿ. ಸುಧಾಕರಪ್ಪ ಕಡಗ ಹಾಕ್ದ, ಸಂತೋಷ. ಆದ್ರೂ ನಾನು ಬೆಳ್ಗಿಂದ ನೋಡ್ತಾನೆ ಇದ್ದೆ, ಸೋಮೇಶಪ್ಪನ ಕಡೆಯಿಂದ ಅಂತ ಏನಾರ ಒಂದಿಟ್ಟಿರ್ತರೆ ಅಂತ. ಒಡಹುಟ್ಟಿದ ತಂಗಿ ಕೂಸಲ್ವಾ. ಒಂದ್ ದಾರ ಆಗಿದ್ರೂ ಸಾಕಿತ್ತು. ನಿಮ್ ಸೊಸೆ ಕೈಲೇ ಕಟ್ಟುಸ್ಬೋದಿತ್ತು, ಪಾಪ, ಅದ್ಕೂ ಒಸಿ ಸಮಾಧಾನ ಆಗೋದು. ಒಳಗೇ ನಿಂತಿತ್ತು ಬೆಳ್ಗಿಂದ."

ಪುಟ್ಟಮಲ್ಲಮ್ಮ ಎತ್ತಿದ್ದ ತುತ್ತನ್ನು ಎಲೆಗೆ ಇಳಿಸಿದಳು.

"ನಮ್ ಮಗಳ ಮದ್ವೇಲೂ ಹಿಂಗೇ ಆಯ್ತು," ಗುರುಮಲ್ಲಮ್ಮ ಹೇಳುತ್ತಲೇ ಇದ್ದಳು. "ನಮ್ ಚಿಕ್ಕವ್ವನ ಸೊಸೆ ಅಕ್ಕಿ ಹಾಕಕ್ಕೆ ಬಂದ್ರ, ಬ್ಯಾಡ ಅಂತ ಯಾರೋ ಸೆರಗಿಡಿದು ಎಳುದ್ರು. ನನ್ಗೆ ಎಷ್ಟು ಸಿಟ್ಟು ಬಂತು ಅಂದ್ರ, ಫೋಟೋದಲ್ಲೆಲ್ಲ ನನ್ ಮಖ ಹಂಗೇ ಬಿಗ್ದದ. ಬುಡಿ, ನಿಮ್ ಕಷ್ಟ ನಿಮ್ಗೆ."

ಗೋಡೆಗೊರಗಿದ್ದ ದಾಕ್ಷಾಯಿಣಿ ಕೂಸಿನ ಮುಖಕ್ಕೆ ಸೆರಗು ಎಳೆದು, ತಾನೂ ತಲೆ ತಗ್ಗಿಸಿದಳು.

ರೂಪಶ್ರೀ ಇವರ ಎಲೆಯ ಮುಂದೆ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿತೋ.

"ಸಾರು ಅಮ್ಮ?"

"ನನ್ಗೆ ಸಾಕು ಮಗ. ಬೀಗ್ತಿಗೆ ಹಾಕು."

"ಅತ್ತೆ, ನಿಮಗೆ?"

ಪುಟ್ಟಮಲ್ಲಮ್ಮ ಸೊಸೆಯ ಮುಖ ನೋಡಿದಳು. ಈಗ ಹೇಳಿದರೆ, ಅಂಗಡೀದು ಎಂದವಳು ತಾನು. ಅಂಗಡಿ ಮುಚ್ಚಿದ್ದಾರೆ ಎಂದವಳು ಇವಳು. ಮುಖ ಬಿಗಿದ ಕತೆ ಹೇಳಿದವಳು ಮಗಳು. ಯಾವ ಕಡೆಯಿಂದ ಶುರುಮಾಡಿದರೂ ಯಾರಾದರೊಬ್ಬರು ಈ ಪಂಕ್ತಿಯ ನಡುವೆ ಸುಳ್ಳುಗಾರರಾಗಿ ನಿಲ್ಲಬೇಕು.

"ಹಾಕು," ಅಂದಳು.

ರೂಪಶ್ರೀ ಒಂದು ಸೌಟು ಹಾಕಿದಳು. ಇನ್ನೊಂದು ಹಾಕಿದಳು. ಅನ್ನ ಮುಳುಗಿತು. ರೂಪಶ್ರೀ ಕೇಳಲಿಲ್ಲ, ಪುಟ್ಟಮಲ್ಲಮ್ಮ ಕೈ ಅಡ್ಡ ಹಿಡಿಯಲಿಲ್ಲ. ಮೂರನೆಯ ಸೌಟಿಗೆ ಸಾರು ಎಲೆಯಂಚು ದಾಟಿ, ನೆಲದ ಮೇಲೆ ಹರಿದು, ಪಕ್ಕದವಳ ಸೀರೆಯ ನೆರಿಗೆ ಮುಟ್ಟಿತು.

"ಅಯ್ಯೋ ಸಾಕು, ಸಾಕು ಕಣವ್ವ!" ಎಂದು ಕೂಗಿಕೊಂಡವಳು ಗುರುಮಲ್ಲಮ್ಮ.